ರಜೆಯ ಒಂದು ದಿನ, ಶಾಲೆಯ ಒಂದು ವರ್ಷ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯ ಹಿರಿಯರು ಕಿರಿಯರೆಲ್ಲ ಸೇರಿ ಕೂಡಲಸಂಗಮಕ್ಕೆ ಹೊರಟಿದ್ದೆವು. ಬೆಳಗಿನ ತಂಪು ಹೊತ್ತು. ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಓದು ಬರಹ ಅರಿಯದ ನಮ್ಮ ತಾಯಿಯವರು ಮಗ್ಗುಲಲ್ಲಿದ್ದ ಮೊಮ್ಮಗಳಿಗೆ, "ಅಲ್ಲಿ ಬರೂ ಬಸ್ಸು ಯಾ ಊರಿಗಿ ಹೋಗತೈತವ್ವಾ? ಬೋರ್ಡ್ ಓದು ನೋಡೂಣು" ಎಂದರು. ಆಕೆ ನಮ್ಮ ತಮ್ಮನ ಮಗಳು, ಎಂಟು ವರ್ಷದವಳು. ಕಣ್ಣು ಕಿರಿದು ಮಾಡಿ ನೋಡಿ, "ತಡಿ ಆಯಿ, ಇನ್ನಷ್ಟು ಸಮೀಪ ಬರಲಿ" ಎಂದಳು. ಸುತ್ತಲಿದ್ದವರು ನಕ್ಕರು. ತಾಯಿಯವರು ಮಾತ್ರ ನಗಲಿಲ್ಲ. "ನನಗ ಅಕ್ಷರ ಬರೂದಿಲ್ಲ, ಆದರ ಬೋರ್ಡ್ ಕಾಣತೈತಿ. ಇಕಿಗೆ ಅಕ್ಷರ ಬರತಾವ, ಬೋರ್ಡ್ ಕಾಣವಲ್ದು" ಎಂದು ನಮ್ಮ ಮುಖವನ್ನೇ ನೋಡಿದರು.

ಆ ವರ್ಷವೆಲ್ಲ ಆ ಮಗು ಮನೆಯಲ್ಲಿ ಬೈಗುಳ ತಿಂದಿತ್ತು. ಕಪ್ಪು ಹಲಗೆಯ ಮೇಲಿನ ಲೆಕ್ಕವನ್ನು ತಪ್ಪಾಗಿ ಬರೆದುಕೊಂಡು ಬರುತ್ತಾಳೆ, ಪಾಠದಲ್ಲಿ ಗಮನವಿಲ್ಲ ಎಂದು ಶಾಲೆಯಿಂದ ದೂರು ಬಂದಿತ್ತು. ಮನೆಪಾಠಕ್ಕೂ ಹಾಕಿದ್ದಾಯಿತು. ವೈದ್ಯವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ನಾವು ಅದೇ ಮನೆಗೆ ಹಬ್ಬಹರಿದಿನಗಳಿಗೆ ಹೋಗಿ ಬಂದಿದ್ದೆವು. ಆಕೆಯ ಕೆನ್ನೆ ತಟ್ಟಿ, "ಚೆನ್ನಾಗಿ ಓದಬೇಕು" ಎಂದು ಬುದ್ಧಿ ಹೇಳಿ ಬಂದಿದ್ದೆವು. ಕಣ್ಣಿನ ದೋಷ ನಮಗೆ ಕಂಡಿರಲಿಲ್ಲ. ಅದನ್ನು ಕಂಡವರು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ, ಅದೂ ಪ್ರವಾಸದ ಒಂದು ಮುಂಜಾನೆ.

ಮೇ ತಿಂಗಳ ಈ ಸಂಚಿಕೆ ಸದ್ಭಕ್ತರ ಕೈಸೇರುವ ವೇಳೆಗೆ ಶಾಲೆಗಳು ತೆರೆಯಲು ಕೆಲವೇ ವಾರಗಳು ಉಳಿದಿರುತ್ತವೆ. ಶಾಲೆಯ ಸಿದ್ಧತೆಯೆಂದರೆ ಸಮವಸ್ತ್ರ, ಪಠ್ಯಪುಸ್ತಕ, ಹೊಸ ಚೀಲ ಎಂದು ನಾವು ಭಾವಿಸುತ್ತೇವೆ. ರಜೆಯ ಪ್ರವಾಸ ಬೇರೆ, ಶಾಲೆಯ ಸಿದ್ಧತೆ ಬೇರೆ ಎಂದು ತಿಳಿಯುತ್ತೇವೆ. ವಸ್ತುತಃ ಇವೆರಡೂ ಒಂದೇ ಕೆಲಸದ ಎರಡು ಭಾಗಗಳು. ದಿನನಿತ್ಯದ ಧಾವಂತದಲ್ಲಿ ಮಗುವಿಗೆ ನಾವು ಉಣಿಸುತ್ತೇವೆ, ಉಡಿಸುತ್ತೇವೆ, ಕಳಿಸುತ್ತೇವೆ. ಮಗುವನ್ನು ನೋಡುವುದು ಕಡಿಮೆ. ಒಂದು ಇಡೀ ದಿನ ಮಗು ನಡೆಯುವುದನ್ನು, ಹತ್ತುವುದನ್ನು, ಉಣ್ಣುವುದನ್ನು, ದಣಿಯುವುದನ್ನು ನೋಡುವ ಅವಕಾಶ ಪ್ರವಾಸದಲ್ಲಿ ಮಾತ್ರ ದೊರೆಯುತ್ತದೆ. ಅದನ್ನು ಸುರಕ್ಷಿತವಾಗಿ ಕಳೆಯುವ ಬಗೆ ಮತ್ತು ಅಂದು ಕಂಡದ್ದನ್ನು ಶಾಲೆ ತೆರೆಯುವ ಮುನ್ನ ಸರಿಪಡಿಸುವ ಬಗೆ, ಇವೆರಡನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಬಿಸಿಲಿನ ಎಚ್ಚರ

ಚಿತ್ರದುರ್ಗದ ಕೋಟೆಯಾಗಲಿ, ಬಾದಾಮಿಯ ಗುಹೆಗಳಾಗಲಿ, ಸಿದ್ಧಗಂಗೆಯ ಬೆಟ್ಟವಾಗಲಿ, ನಮ್ಮ ನಾಡಿನ ಯಾತ್ರಾಸ್ಥಳಗಳು ಹೆಚ್ಚಾಗಿ ಬಂಡೆಗಲ್ಲಿನವು. ಹತ್ತು ಗಂಟೆಯ ನಂತರ ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಕಲ್ಲು, ಎರಡೂ ಮಗುವನ್ನು ಸುಡುತ್ತವೆ. ಕಲಬುರಗಿ ಭಾಗದಲ್ಲಿ ಬೇಸಿಗೆ ಬಂದರೆ ಸರಕಾರಿ ಕಚೇರಿಗಳ ವೇಳೆಯನ್ನೇ ಮುಂಜಾನೆಗೆ ಬದಲಿಸುವ ರೂಢಿಯಿದೆ. ಅದೇ ವಿವೇಕವನ್ನು ಪ್ರವಾಸಕ್ಕೂ ಅನ್ವಯಿಸಬೇಕು. ಹತ್ತುವುದು, ನಡೆಯುವುದು ಮುಂಜಾನೆ 10ರೊಳಗೆ ಮುಗಿಯಲಿ. 11ರಿಂದ 4ರವರೆಗೆ ಮರದ ನೆರಳು, ಮಂಟಪ, ದಾಸೋಹ ಭವನಗಳಲ್ಲಿ ವಿಶ್ರಾಂತಿ ದೊರೆಯಲಿ. ಉಳಿದುದನ್ನು ಇಳಿಹೊತ್ತಿನಲ್ಲಿ ನೋಡಬಹುದು.

ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ಬೇಗ ಕಾಯುತ್ತದೆ. ಆಟದಲ್ಲಿ ಮುಳುಗಿದ ಮಗುವಿಗೆ ಬಾಯಾರಿಕೆಯ ನೆನಪೂ ಇರದು. ಆದ್ದರಿಂದ ಕೇಳುವ ಮೊದಲೇ, 20-30 ನಿಮಿಷಗಳಿಗೊಮ್ಮೆ ಕೆಲವು ಗುಟುಕು ನೀರು ಕುಡಿಸಬೇಕು. ಮಜ್ಜಿಗೆ, ನಿಂಬೆಯ ಪಾನಕ, ರಾಗಿ ಅಂಬಲಿ, ಎಳನೀರು ಇವೆಲ್ಲ ಉತ್ತಮ. ವಾಂತಿ ಭೇದಿಯಾದರೆ ಓಆರ್‌ಎಸ್ ಪೊಟ್ಟಣ ಜೊತೆಯಲ್ಲಿರಲಿ. ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕು. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ರಸ್ತೆಬದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಬಣ್ಣದ ಐಸ್ ಬೇಡ. ಬುತ್ತಿಗೆ ರೊಟ್ಟಿ, ಚಪಾತಿ, ಶೇಂಗಾ ಹಿಂಡಿಯಂಥ ಒಣ ಪದಾರ್ಥಗಳೇ ಲೇಸು.

ತಲೆನೋವು, ಓಕರಿಕೆ, ಕಾಲುಸೆಳೆತ, ತಲೆಸುತ್ತು ಕಂಡರೆ ಕೂಡಲೇ ನೆರಳಿಗೆ ತಂದು ಮಲಗಿಸಿ, ನೀರು ಕುಡಿಸಿ, ಮೈ ಒರೆಸಬೇಕು. ಮೈ ಕೆಂಡದಂತೆ ಸುಡುತ್ತ, ಮಗು ತೊದಲಿದರೆ, ಗುರುತು ಹಿಡಿಯದಿದ್ದರೆ ಅಥವಾ ಮೂರ್ಛೆ ಹೋದರೆ ಅದು ಬಿಸಿಲಿನ ಆಘಾತ, ಪ್ರಾಣಾಪಾಯದ ಸ್ಥಿತಿ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ಬಟ್ಟೆ ಸಡಿಲಿಸಿ ಮೈಮೇಲೆಲ್ಲ ತಣ್ಣೀರು ಹಾಕುತ್ತ ಗಾಳಿ ಬೀಸಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಎರಡು ನಿಮಿಷದ ಕೆಲಸವೆಂದು ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಬಿಟ್ಟು ಹೋಗುವುದು ಎಂದಿಗೂ ಸಲ್ಲದು.

ನೀರಿನ ಎಚ್ಚರ

ಬೇಸಿಗೆಯ ರಜೆಯಲ್ಲಿ ಮಕ್ಕಳ ಪ್ರಾಣ ತೆಗೆಯುವ ದೊಡ್ಡ ಶತ್ರು ನೀರು. ನದಿಯ ದಡದಲ್ಲಿ ಮೊಣಕಾಲುಮಟ್ಟ ಕಾಣುವ ನೀರು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟಿರಬಹುದು. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಹೊಲಗಳ ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲವರೂ ಮೇಲೇರಲಾರರು. ಅಜ್ಜಿಯ ಊರಿಗೆ ಬಂದ ಪೇಟೆಯ ಮಕ್ಕಳಿಗೆ ಇದರ ಅರಿವಿರುವುದಿಲ್ಲ.

ನೀರಿನ ಬಳಿ ಮಗುವು ಕೈಗೆ ಎಟಕುವಷ್ಟು ಸಮೀಪದಲ್ಲಿರಬೇಕು. "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದರೆ ಯಾರೂ ನೋಡುವುದಿಲ್ಲ. ಒಬ್ಬ ಹಿರಿಯರಿಗೆ ಹೆಸರು ಹಿಡಿದು ಆ ಹೊಣೆ ಒಪ್ಪಿಸಬೇಕು. ಅವರ ಕೈಯಲ್ಲಿ ಮೊಬೈಲ್ ಇರಬಾರದು. ಮುಳುಗುತ್ತಿರುವವರನ್ನು ಕಂಡು ಈಜು ಬಾರದವರು ಹಾರಿದರೆ ಇಬ್ಬರೂ ಹೋಗುತ್ತಾರೆ. ಹಗ್ಗ, ಸೀರೆ, ಖಾಲಿ ಪ್ಲಾಸ್ಟಿಕ್ ಕೊಡ ಎಸೆಯಬೇಕು. ಮೇಲೆ ತಂದ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ನೀಡಿ, ಎದೆ ಒತ್ತುತ್ತ, 108ಕ್ಕೆ ಕರೆ ಮಾಡಬೇಕು.

ಅಂದು ನೋಡಬೇಕಾದ ಐದು ಸಂಗತಿಗಳು

ಮೊದಲನೆಯದು ಕಣ್ಣು. ಬಸ್ಸಿನ ಫಲಕ, ಅಂಗಡಿಯ ಹೆಸರು, ದೂರದ ಶಿಖರ ಯಾವುದನ್ನಾದರೂ ತೋರಿಸಿ ಕೇಳಿರಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಕೇಳಿ, ಅನಂತರ ಇನ್ನೊಂದನ್ನು ಮುಚ್ಚಿಸಿ ಕೇಳಿರಿ. ಒಂದೇ ಕಣ್ಣು ಮಂದವಾಗಿದ್ದರೆ ಮಗುವಿಗೂ ಅದು ತಿಳಿದಿರುವುದಿಲ್ಲ; ಏಳೆಂಟು ವರ್ಷದೊಳಗೆ ಚಿಕಿತ್ಸೆಯಾದರೆ ಫಲ ಹೆಚ್ಚು. ಹಗಲಿನ ಬಯಲು ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆಯಷ್ಟು ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಂಭವ ಕಡಿಮೆ ಎಂಬುದೂ ಸಿದ್ಧವಾಗಿದೆ. ಆದ್ದರಿಂದ ಹೊರಗಿನ ಆಟ ಕಾಲಹರಣವಲ್ಲ.

ಎರಡನೆಯದು ಕಿವಿ. ಹಿಂದಿನಿಂದ ಮೆಲ್ಲಗೆ ಕರೆದರೆ ಮಗು ತಿರುಗುವುದೇ? ಪ್ರತಿ ಮಾತಿಗೂ "ಹ್ಞಾಂ?" ಎನ್ನುತ್ತದೆಯೇ? ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡದೆ, ಕಡ್ಡಿ ಹಾಕದೆ ವೈದ್ಯರಿಗೆ ತೋರಿಸಬೇಕು.

ಮೂರನೆಯದು ಉಸಿರು ಮತ್ತು ರಕ್ತ. ಓರಗೆಯ ಮಕ್ಕಳು ನಗುತ್ತ ಹತ್ತುವ ಮೆಟ್ಟಿಲುಗಳಲ್ಲಿ ನಮ್ಮ ಮಗು ಪದೇ ಪದೇ ಕೂರುತ್ತಿದ್ದರೆ ಸೋಮಾರಿತನವೆಂದು ಹಂಗಿಸಬೇಡಿರಿ. ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಬಿಳುಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. ರಾತ್ರಿ ಕೆಮ್ಮು, ಎದೆಯಲ್ಲಿ ಸಿಳ್ಳೆಯ ಸದ್ದು ಇದ್ದರೆ ಅಸ್ತಮಾ ಇರಬಹುದು. ಹೃದಯದ ದೋಷವೂ ಇರಬಹುದು. ಪರೀಕ್ಷೆ ಮಾಡಿಸದೆ ತಿಳಿಯದು.

ನಾಲ್ಕನೆಯದು ಹಲ್ಲು. ರೊಟ್ಟಿಯನ್ನು ಒಂದೇ ದವಡೆಯಲ್ಲಿ ಅಗಿಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಹುಳುಕಿದೆ ಎಂದೇ ತಿಳಿಯಬೇಕು. ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು ಶಾಶ್ವತವಾದದ್ದು. ಅದನ್ನೂ ಬಿದ್ದುಹೋಗುವ ಹಲ್ಲೆಂದು ಅಲಕ್ಷಿಸುವವರೇ ಬಹಳ.

ಐದನೆಯದು ಮೂತ್ರ. ಮಗು ಗಂಟೆಗಟ್ಟಲೆ ಮೂತ್ರ ತಡೆದುಕೊಳ್ಳುತ್ತದೆಯೇ, ಅದರ ಬಣ್ಣ ಗಾಢ ಹಳದಿಯೇ ಎಂಬುದನ್ನು ಗಮನಿಸಿರಿ. ಶೌಚಾಲಯಕ್ಕೆ ಅಂಜಿ ಶಾಲೆಯಲ್ಲಿ ದಿನವಿಡೀ ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಅನೇಕರಿದ್ದಾರೆ. ಉರಿಮೂತ್ರ, ಹೊಟ್ಟೆನೋವು, ಮಲಬದ್ಧತೆಗಳಿಗೆ ಇದೇ ಮೂಲ. ಪ್ರವಾಸದ ದಿನ ತಾಯಿ ಮಗಳು ಇಬ್ಬರೇ ನಡೆಯುವಾಗ ಈ ಮಾತು ಸಂಕೋಚವಿಲ್ಲದೆ ಹೊರಬರುತ್ತದೆ.

ಶಾಲೆ ತೆರೆಯುವ ಮುನ್ನ

ಕಂಡ ದೋಷಕ್ಕೆ ಜೂನ್ ಬರುವವರೆಗೆ ಕಾಯದೆ ತಪಾಸಣೆ ಮಾಡಿಸಬೇಕು. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆಂದೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಅಲ್ಲಿಯೇ ಲಸಿಕೆಯ ಚೀಟಿಯನ್ನೂ ತೋರಿಸಿರಿ. 5-6 ವರ್ಷಕ್ಕೆ ಡಿಪಿಟಿ ಲಸಿಕೆಯ ಎರಡನೆಯ ವರ್ಧಕ, 10 ಮತ್ತು 16 ವರ್ಷಗಳಿಗೆ ಟಿಡಿ ಲಸಿಕೆ ಉಚಿತವಾಗಿ ದೊರೆಯುತ್ತವೆ. ಶಾಲೆಗೆ ಸೇರಿಸಿದ ಮೇಲೆ ಲಸಿಕೆಯ ನೆನಪೇ ಬಿಟ್ಟುಹೋಗುವುದು ನಾವು ನಿತ್ಯ ಕಾಣುವ ಸಂಗತಿ.

ನಿದ್ರೆಯನ್ನು ಒಂದೇ ದಿನದಲ್ಲಿ ತಿದ್ದಲಾಗದು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕು. ರಜೆಯಲ್ಲಿ ರಾತ್ರಿ 11ಕ್ಕೆ ಮಲಗಿದ ಮಗುವನ್ನು ಶಾಲೆಯ ಮೊದಲ ದಿನ 6ಕ್ಕೆ ಎಬ್ಬಿಸಿದರೆ ಅದು ತರಗತಿಯಲ್ಲಿ ತೂಕಡಿಸುತ್ತದೆ. ಎರಡು ವಾರ ಮುಂಚಿತವಾಗಿಯೇ, ಎರಡು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮಲಗುವ ಮತ್ತು ಏಳುವ ವೇಳೆಯನ್ನು ಹಿಂದಕ್ಕೆ ತರಬೇಕು. ಮಲಗುವ ಒಂದು ಗಂಟೆ ಮೊದಲು ಟಿ.ವಿ., ಮೊಬೈಲ್ ಮುಚ್ಚಬೇಕು. ಇದು ತಂದೆತಾಯಿಗಳಿಗೂ ಅನ್ವಯಿಸಿದರೆ ಮಾತ್ರ ನಡೆಯುತ್ತದೆ.

ಆಹಾರದಲ್ಲಿ ಹೆಸರು, ಮಡಿಕೆ, ಕಡಲೆಯಂಥ ಕಾಳುಗಳು, ನುಗ್ಗೆ ಮತ್ತು ಮೆಂತ್ಯದ ಸೊಪ್ಪು, ಜೊತೆಗೆ ನಿಂಬೆಹುಳಿ ಇರಲಿ. ಹುಳಿಯು ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟವಾದೊಡನೆ ಚಹಾ ಕೊಟ್ಟರೆ ಆ ಲಾಭ ತಪ್ಪುತ್ತದೆ. ಬೆಳಗಿನ ಉಪಾಹಾರವಿಲ್ಲದೆ ಶಾಲೆಗೆ ಕಳಿಸಬಾರದು.

ಇನ್ನು ಚೀಲ. ಅದರ ಭಾರ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು. 2019ರಲ್ಲಿ ನಮ್ಮ ರಾಜ್ಯ ಸರಕಾರ ಹೊರಡಿಸಿದ ಆದೇಶದಂತೆ 1-2ನೆಯ ತರಗತಿಗೆ 1.5ರಿಂದ 2 ಕಿಲೊ, 3ರಿಂದ 5ನೆಯ ತರಗತಿಗೆ 2ರಿಂದ 3 ಕಿಲೊ ಮಿತಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿದರೆ ಸತ್ಯ ತಿಳಿಯುತ್ತದೆ.

ಕೊನೆಯದಾಗಿ, ಕಂಡುಬಂದ ದೋಷವನ್ನು ಗುರುಗಳಿಂದ ಮುಚ್ಚಿಡಬಾರದು. ಕನ್ನಡಕ ಬಂದಿದೆ, ಒಂದು ಕಿವಿ ಮಂದ, ಉಬ್ಬಸವಿದೆ ಎಂದು ಮೊದಲ ದಿನವೇ ತಿಳಿಸಿದರೆ ಅವರು ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. "ಹೆಣ್ಣುಮಗಳಿಗೆ ಕನ್ನಡಕವೇ? ನಾಳೆ ಮದುವೆಗೆ ತೊಡಕು" ಎನ್ನುವ ಮಾತು ನಮ್ಮ ಮನೆಯಲ್ಲೂ ಎದ್ದಿತ್ತು. ಅದನ್ನು ನಿಲ್ಲಿಸಿದವರೂ ನಮ್ಮ ತಾಯಿಯವರೇ. "ಕಾಣದ ಕಣ್ಣಿಗಿಂತ ಕನ್ನಡಕ ಚಂದ" ಎಂದುಬಿಟ್ಟರು.

ಕೂಡಲಸಂಗಮದಿಂದ ಮರಳಿದ ವಾರದೊಳಗೆ ಆ ಮಗುವಿನ ಕಣ್ಣು ಪರೀಕ್ಷೆಯಾಯಿತು. ಎರಡೂ ಕಣ್ಣಿಗೆ ದೂರದೃಷ್ಟಿ ಮಂದವಾಗಿತ್ತು. ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಹೊರಬಂದವಳು ಎದುರಿನ ಬೇವಿನಮರವನ್ನು ನೋಡುತ್ತ ನಿಂತು, "ದೊಡ್ಡಪ್ಪಾ, ಎಲಿ ಒಂದೊಂದೂ ಬ್ಯಾರೆ ಬ್ಯಾರೆ ಕಾಣತಾವ" ಎಂದಳು. ನಮ್ಮ ತಮ್ಮ ಮುಖ ತಿರುಗಿಸಿಕೊಂಡ. ವರ್ಷವಿಡೀ ಬೈದದ್ದು ಅವನಿಗೆ ನೆನಪಾಗಿತ್ತು. ಬುದ್ಧಿ ಹೇಳಿದ್ದು ನಮಗೂ ನೆನಪಾಗಿತ್ತು.

ಶಾಲೆಯ ಬಾಗಿಲು ತೆರೆಯುವ ಮುನ್ನ ಒಂದು ದಿನವನ್ನು ಮಕ್ಕಳಿಗಾಗಿ ತೆಗೆದಿರಿಸಿರಿ. ದೂರದ ಕ್ಷೇತ್ರವೇ ಆಗಬೇಕೆಂದಿಲ್ಲ. ಊರ ಹೊರಗಿನ ತೋಟ, ಕೆರೆಯ ಏರಿ, ಗುಡ್ಡದ ಗುಡಿಯೂ ಸಾಕು. ಬುತ್ತಿ ಕಟ್ಟಿಕೊಳ್ಳಿರಿ, ಮನೆಯ ಹಿರಿಯರನ್ನು ಕರೆದುಕೊಳ್ಳಿರಿ, ಮೊಬೈಲನ್ನು ಚೀಲದೊಳಗಿಡಿರಿ. ಆ ದಿನ ಮಗುವಿಗೆ ಏನನ್ನು ತೋರಿಸಿದಿರಿ ಎಂಬುದಕ್ಕಿಂತ ಮಗುವಿನಲ್ಲಿ ಏನನ್ನು ಕಂಡಿರಿ ಎಂಬುದು ಮುಖ್ಯ. ಎಲ್ಲ ಮಕ್ಕಳಿಗೂ ಆರೋಗ್ಯಪೂರ್ಣವಾದ ಶಾಲಾವರ್ಷ ಲಭಿಸಲೆಂದು ಹಾರೈಸುತ್ತೇವೆ.