ರಟ್ಟಿನ ಖಡ್ಗಕ್ಕೆ ಉಕ್ಕಿನ ಕಳೆ

ಪ್ರಶ್ನೆ: ಶಾಲಾ ನಾಟಕಕ್ಕೆ ಮಾಡಿದ ರಟ್ಟಿನ ಖಡ್ಗಕ್ಕೆ ಬೆಳ್ಳಿ ಬಣ್ಣ ಬಳಿದರೂ ಬೂದು ಹಲಗೆಯಂತೆ ಕಾಣುತ್ತದೆ. ಏಕೆ?

ಉತ್ತರ: ತಪ್ಪು ಬಣ್ಣದ್ದಲ್ಲ, ಅದರ ಕೆಳಗಿನ ಮೈಯದ್ದು. ಬೆಳ್ಳಿ ಬಣ್ಣದಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂನ ಸೂಕ್ಷ್ಮ ಚಕ್ಕೆಗಳಿರುತ್ತವೆ. ಒರಟು ರಟ್ಟಿನ ಮೇಲೆ ಅವು ಅಡ್ಡಾದಿಡ್ಡಿ ಕೂತು ಬೆಳಕು ಚದುರಿಹೋಗುತ್ತದೆ. ಆದ್ದರಿಂದ ಮೊದಲು ತೆಳುವಾಗಿ ಪುಟ್ಟಿ ಹಚ್ಚಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಿ. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಹೋದರೂ ಸರಿ.

ಮೇಲೆ ಕಪ್ಪು ಅಕ್ರಿಲಿಕ್ ಬಳಿದು, ಒಣಗಿದ ಬಳಿಕ ಗ್ರಾಫೈಟ್ ಪುಡಿಯನ್ನು ಹತ್ತಿಬಟ್ಟೆಯಲ್ಲಿ ತಿಕ್ಕಿ. 6ಬಿ ಪೆನ್ಸಿಲಿನ ಸೀಸವನ್ನು ಅರೆದರೂ ಸಾಕು. ತಿಕ್ಕುತ್ತಾ ಹೋದಂತೆ ಕಪ್ಪಿನೊಳಗಿಂದ ಉಕ್ಕಿನ ತಣ್ಣನೆಯ ಹೊಳಪು ಏಳುವುದು ನೋಡಲೇ ಒಂದು ಖುಷಿ. ಆಮೇಲೆ ಬೆಳ್ಳಿ ಬಣ್ಣವನ್ನು ಅಂಚಿಗೆ ಮಾತ್ರ, ಬಹುತೇಕ ಒಣಗಿದ ಕುಂಚದಿಂದ ಸವರಿ. ಬಳಸಿದ ಕತ್ತಿ ಸವೆದು ಮಿಂಚುವುದು ಅಲ್ಲೇ. ಹಿಡಿಯ ಸಂದುಗಳಿಗೆ ನೀರಾದ ಕಂದು ಬಣ್ಣ ಇಳಿಬಿಟ್ಟು ಒರೆಸಿಬಿಡಿ.

ಖಡ್ಗ ಥರ್ಮಕೋಲಿನದಾಗಿದ್ದರೆ ಸ್ಪ್ರೇ ಬಣ್ಣ ಬೇಡವೇ ಬೇಡ, ಅದರ ದ್ರಾವಕಕ್ಕೆ ಥರ್ಮಕೋಲ್ ಕರಗುತ್ತದೆ. ಚಿನ್ನದ ಕಿರೀಟ ಬೇಕಿದ್ದರೆ ಯಕ್ಷಗಾನದವರ ದಾರಿ ಹಿಡಿಯಿರಿ: ಹಗುರ ಮರದ ಮೇಲೆ ಅವರು ಅಂಟಿಸುವುದು ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ.