ಅವಧಿಯಿಲ್ಲದ ಸೆರೆ: ಸ್ನೇಹಲತಾ ರೆಡ್ಡಿ ಅವರ ಜೈಲು ದಿನಚರಿಯ ಓದು

ಸೆರೆಮನೆ ಮತ್ತು ಬಂಧನಶಿಬಿರ ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಇವೆರಡರ ನಡುವೆ ಮೂಲಭೂತವಾದ ವ್ಯತ್ಯಾಸವಿದೆ. ಸೆರೆಮನೆಯ ಅಪರಾಧಿಗೆ ಆರೋಪವಿದೆ, ತೀರ್ಪಿದೆ, ಬಿಡುಗಡೆಯ ದಿನವಿದೆ. ಶಿಬಿರದ ಬಂಧಿಗೆ ಇವು ಯಾವುವೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೈನ್ಯವು ಸುಮಾತ್ರಾದ ಪಾಲೆಂಬಾಂಗಿನಲ್ಲಿ ಕೂಡಿಹಾಕಿದ್ದ ಡಚ್, ಬ್ರಿಟಿಷ್ ಹಾಗೂ ಆಸ್ಟ್ರೇಲಿಯದ ಮಹಿಳೆಯರು ಯಾವ ಅಪರಾಧವನ್ನೂ ಮಾಡಿದವರಲ್ಲ. ಶತ್ರುದೇಶದವರು ಎಂಬುದಷ್ಟೇ ಅವರ ಬಂಧನಕ್ಕೆ ಕಾರಣ. 1943ರ ಡಿಸೆಂಬರಿನಲ್ಲಿ ಮಾರ್ಗರೆಟ್ ಡ್ರೈಬರ್ಗ್ ಮತ್ತು ನೋರಾ ಚೇಂಬರ್ಸ್ ಅವರ ನೇತೃತ್ವದಲ್ಲಿ ಈ ಮಹಿಳೆಯರು ವಾದ್ಯಗಳೇ ಇಲ್ಲದಲ್ಲಿ ವಾದ್ಯಕೃತಿಗಳನ್ನು ಕಂಠದಿಂದಲೇ ನುಡಿಸಿದರು. ಹಸಿವು, ರೋಗಗಳಿಂದ ಅವರಲ್ಲಿ ಅನೇಕರು ಯುದ್ಧ ಮುಗಿಯುವ ಮೊದಲೇ ತೀರಿಕೊಂಡರು. 1945ರ ಏಪ್ರಿಲಿನಲ್ಲಿ ಡ್ರೈಬರ್ಗ್ ಅವರೂ.

ಇದು ನಮಗೆ ದೂರದ ಸಂಗತಿಯೆನಿಸಬಹುದು. ಆದರೆ ಅವಧಿಯಿಲ್ಲದ ಇಂಥದೇ ಸೆರೆಯನ್ನು 1976ರ ಬೆಂಗಳೂರಿನಲ್ಲಿ ಕಾಣುತ್ತೇವೆ. ಅದರ ಬೇರೂ ಯುದ್ಧದಲ್ಲಿಯೇ ಇದೆ. ಪಾಕಿಸ್ತಾನದೊಡನೆ ಯುದ್ಧ ಆರಂಭವಾದ 1971ರ ಡಿಸೆಂಬರ್ 3ರಂದು ಘೋಷಿತವಾದ ತುರ್ತುಪರಿಸ್ಥಿತಿಯನ್ನು ಯುದ್ಧ ಮುಗಿದ ಮೇಲೂ ಹಿಂಪಡೆದಿರಲಿಲ್ಲ. 1975ರ ಜೂನ್ 25ರಂದು ಅದರ ಮೇಲೆ ಇನ್ನೊಂದನ್ನು ಹೇರಲಾಯಿತು. 1971ರಲ್ಲಿಯೇ ಜಾರಿಯಾಗಿದ್ದ ಆಂತರಿಕ ಭದ್ರತಾ ಕಾಯಿದೆ, ಅಂದರೆ ಮೀಸಾ, ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಪ್ರಭುತ್ವಕ್ಕೆ ನೀಡಿತ್ತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಬಂಧಿಗಳು ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ಬಿಡುಗಡೆ ಕೋರುವಂತಿಲ್ಲವೆಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಭಿನ್ನಮತ ಸೂಚಿಸಿದವರು ಎಚ್. ಆರ್. ಖನ್ನಾ ಒಬ್ಬರೇ.

ನಾಲ್ಕು ದಿನಗಳ ನಂತರ, ಮೇ 2ರಂದು, ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. ನಮ್ಮ ಬರಹಗಳಲ್ಲಿ ಇವರು ಇಂದಿಗೂ 'ಸಂಸ್ಕಾರ' (1970) ಚಲನಚಿತ್ರದ ಚಂದ್ರಿಯಾಗಿಯೇ ಪರಿಚಿತರು. ಆ ಪಾತ್ರದ ಹೊಳಪು ನಟಿಯ ಉಳಿದ ಬದುಕನ್ನು ಮರೆಮಾಡಿದೆಯೆಂದೇ ಹೇಳಬೇಕು. ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ ಅವರನ್ನು ಹಿಡಿಯಲಾಗಿತ್ತಾದರೂ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಅಡಿಯಲ್ಲಿ ಸೆರೆ ಮುಂದುವರಿಯಿತು.

ಅವರು ಜೈಲಿನಲ್ಲಿ ಬರೆದ ದಿನಚರಿ 1977ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಇದನ್ನು ಕೇವಲ ರಾಜಕೀಯ ಬಂಧಿಯೊಬ್ಬರ ಅಹವಾಲೆಂದು ಓದಿದರೆ ಅದರ ಮುಖ್ಯ ಭಾಗವೇ ಕೈಬಿಟ್ಟುಹೋಗುತ್ತದೆ. ಲೇಖಕಿಯ ನೋಟ ಮತ್ತೆ ಮತ್ತೆ ಹೊರಳುವುದು ಅಲ್ಲಿನ ಸಾಮಾನ್ಯ ಮಹಿಳಾ ಕೈದಿಗಳತ್ತ. ಹೊಸದಾಗಿ ಬಂದ ಹೆಣ್ಣನ್ನು ಎಲ್ಲರೆದುರು ವಿವಸ್ತ್ರಗೊಳಿಸಿ ತಪಾಸಣೆ ಮಾಡುವ ಪದ್ಧತಿಯನ್ನು ದಾಖಲಿಸುತ್ತ, ಶಿಕ್ಷೆ ಈಗಾಗಲೇ ವಿಧಿಸಲ್ಪಟ್ಟಿರುವಾಗ ದೇಹಕ್ಕೇಕೆ ಈ ಅವಮಾನ ಎಂಬ ಪ್ರಶ್ನೆಯನ್ನು ಅವರು ಎತ್ತುತ್ತಾರೆ. ಕೈದಿಗಳ ಮೇಲಿನ ಹೊಡೆತ ನಿಂತುದನ್ನೂ ಊಟ ಸುಧಾರಿಸಿದುದನ್ನೂ ತಮ್ಮ ಸಾಧನೆಯೆಂದು ಬರೆದುಕೊಳ್ಳುತ್ತಾರೆ. ವಿದ್ಯಾವಂತ ಮೇಲ್ವರ್ಗದ ಕಲಾವಿದೆ ಮತ್ತು ಆ ಹೆಂಗಸರ ನಡುವಿನ ಅಂತರ ಇದರಿಂದ ಅಳಿದುಹೋಗುತ್ತದೆಂದು ಹೇಳಲಾಗದು. ಆದರೆ ಬಿಡುಗಡೆಯ ದಿನವೇ ಗೊತ್ತಿಲ್ಲದವಳಿಗೆ ನಾಳೆಯ ಕೆಲಸವೊಂದು ಬೇಕಾಗುತ್ತದೆ. ಇತರರ ಊಟ, ಇತರರ ಮೈಮೇಲಿನ ಏಟು ಆ ಕೆಲಸವಾಗಿ ಒದಗಿದಂತೆ ತೋರುತ್ತದೆ. ಪಾಲೆಂಬಾಂಗಿನ ಮಹಿಳೆಯರಿಗೆ ಹಾಡು ಒದಗಿದ್ದು ಹೀಗೆಯೇ ಇರಬೇಕು.

ಇಷ್ಟಾದರೂ ದೇಹ ತಡೆಯಲಿಲ್ಲ. ಅವರಿಗೆ ಮೊದಲಿನಿಂದಲೂ ಆಸ್ತಮಾ ಇತ್ತು. ಏಕಾಂತ ಕೋಣೆಯಲ್ಲಿ ಸಮರ್ಪಕ ಚಿಕಿತ್ಸೆಯಿಲ್ಲದೆ ಅದು ಉಲ್ಬಣಿಸಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದ ಅವರು ಜನವರಿ 20ರಂದು ನಿಧನರಾದರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. 1971ರ ಯುದ್ಧಕಾಲದ ತುರ್ತುಪರಿಸ್ಥಿತಿ ರದ್ದಾದದ್ದು ಅದೇ ಮಾರ್ಚ್ ತಿಂಗಳಲ್ಲಿ.

ಅದೇ ಜೈಲಿನಲ್ಲಿ ಬಂಧಿಯಾಗಿದ್ದ ಮಧು ದಂಡವತೆ ಅವರು, ರಾತ್ರಿಯ ನೀರವದಲ್ಲಿ ಸ್ನೇಹಲತಾ ಅವರ ಚೀತ್ಕಾರ ತಮಗೆ ಕೇಳಿಸುತ್ತಿತ್ತೆಂದು ದಾಖಲಿಸಿದ್ದಾರೆ. ಸಹಾನುಭೂತಿಯ ಈ ಪುರುಷ ನಿರೂಪಣೆಯಲ್ಲಿಯೂ ಆಕೆ ಗೋಡೆಯಾಚೆಯ ಒಂದು ಧ್ವನಿ ಮಾತ್ರ. ಆ ಗೋಡೆಯ ಒಳಗಿನಿಂದ ನೋಡುವ, ಎಣಿಸುವ, ಪ್ರತಿಭಟಿಸುವ ಹೆಣ್ಣು ದೊರೆಯುವುದು ದಿನಚರಿಯಲ್ಲಿ. ಇಂಗ್ಲಿಷಿನಲ್ಲಿದೆಯೆಂಬ ಒಂದೇ ಕಾರಣಕ್ಕೆ ಕನ್ನಡದ ಸೆರೆಮನೆ ಸಾಹಿತ್ಯದ ಚರ್ಚೆಯಿಂದ ಈ ಪಠ್ಯವನ್ನು ಹೊರಗಿಡುವುದು ಸರಿಯೆನಿಸುವುದಿಲ್ಲ. ಅದರೊಳಗಿನ ಹೆಂಗಸರು ನಮ್ಮ ನಾಡಿನ ಜೈಲಿನಲ್ಲಿದ್ದವರು.