ಚೀಟಿಯಿಂದ ಸಂಪುಟದವರೆಗೆ: ಸಂಸ್ಥೆಯಲ್ಲಿ ಮಾಹಿತಿ ಬೆಳೆಯುವ ಬಗೆ



ದಾಸೋಹದ ಲೆಕ್ಕ, ವಿದ್ಯಾರ್ಥಿನಿಲಯದ ದಾಖಲೆ, ದತ್ತಿಗಳ ವಿವರ ಇವೆಲ್ಲವನ್ನೂ ಗಣಕಯಂತ್ರಕ್ಕೆ ಸೇರಿಸಿಬಿಟ್ಟರೆ ವ್ಯವಸ್ಥೆ ತಾನಾಗಿ ಸರಿಹೋಗುವುದೆಂಬ ಭಾವನೆ ಹಲವರಲ್ಲಿದೆ. ಯಂತ್ರ ಬೇಕು, ನಿಜ. ಅದಕ್ಕೂ ಮೊದಲು ಕ್ರಮ ಬೇಕು. ಇದಕ್ಕೆ ಚಾಮರಾಜಪೇಟೆಯಲ್ಲಿಯೇ ಉತ್ತಮ ನಿದರ್ಶನವಿದೆ.

1915ರಲ್ಲಿ ಸ್ಥಾಪನೆಗೊಂಡ ಕನ್ನಡ ಸಾಹಿತ್ಯ ಪರಿಷತ್ತು ಬೃಹತ್ ಕನ್ನಡ ನಿಘಂಟಿನ ಕಾರ್ಯವನ್ನು ಕೈಗೊಂಡಾಗ ಕಚೇರಿಗಳಲ್ಲಿ ಗಣಕಯಂತ್ರವಿರಲಿಲ್ಲ. ವಿದ್ವಾಂಸರು ಶಾಸನಗಳನ್ನೂ ಗ್ರಂಥಗಳನ್ನೂ ಓದಿ, ಪದಗಳನ್ನು ಚೀಟಿಗಳಿಗೆ ಇಳಿಸಿದರು. ಪದದೊಡನೆ ಅದರ ಪ್ರಯೋಗ, ಆ ಪ್ರಯೋಗದ ಆಕರ ಎರಡೂ ದಾಖಲಾದವು. ಚೀಟಿಗಳು ಅಕಾರಾದಿಯಾಗಿ ಜೋಡಣೆಗೊಂಡವು. ಹೊಸ ಪ್ರಯೋಗ ದೊರೆತಾಗ ಹಳೆಯದನ್ನು ಅಳಿಸಬೇಕಾಗಿರಲಿಲ್ಲ; ಇನ್ನೊಂದು ಚೀಟಿ ಸೇರಿದರೆ ಸಾಕಾಗಿತ್ತು. ಹೀಗೆ ಸಂಗ್ರಹವು ಬೆಳೆದಂತೆಲ್ಲ ಪದದ ಅರ್ಥವೈವಿಧ್ಯವೂ ಸ್ಪಷ್ಟವಾಯಿತು.

ಮೊದಲ ಸಂಪುಟ 1970ರಲ್ಲಿ, ಎಂಟನೆಯ ಹಾಗೂ ಕೊನೆಯ ಸಂಪುಟ 1995ರಲ್ಲಿ ಪ್ರಕಟವಾದವು. ಈ ದೀರ್ಘ ಅವಧಿಯಲ್ಲಿ ಸಂಪಾದಕರು ಬದಲಾದರು, ಕಾರ್ಯ ನಿಲ್ಲಲಿಲ್ಲ. ತಿಳಿವಳಿಕೆಯು ಒಬ್ಬರ ನೆನಪಿನಲ್ಲಷ್ಟೇ ಉಳಿಯದೆ, ಮುಂದಿನವರು ತೆಗೆದು ಪರಿಶೀಲಿಸಬಹುದಾದ ಚೀಟಿಯಲ್ಲಿ ಉಳಿದಿತ್ತು.

ಮಠಮಾನ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ದಾನಿಯೊಬ್ಬರು ಬಡ ವಿದ್ಯಾರ್ಥಿಗಳ ಪ್ರಸಾದಕ್ಕೆಂದು ದತ್ತಿಯಿಟ್ಟರೆ, ಮೊತ್ತವನ್ನು ಮಾತ್ರ ಬರೆದಿಟ್ಟರೆ ಸಾಲದು. ಉದ್ದೇಶವೇನು, ಆಧಾರಪತ್ರ ಯಾವುದು, ನಮೂದಿಸಿದವರು ಯಾರು, ಯಾವ ದಿನ ಎಂಬುದೂ ಇರಬೇಕು. ಇಲ್ಲವಾದರೆ ಹಳೆಯ ಸೇವಕರು ನಿವೃತ್ತರಾದೊಡನೆ ಹಣ ಉಳಿದೀತು, ದಾನಿಯ ಸಂಕಲ್ಪ ಮರೆತುಹೋದೀತು. ಪುಸ್ತಕದಲ್ಲಿ ಈ ಶಿಸ್ತು ನೆಲೆಗೊಂಡಿದ್ದರೆ ಯಂತ್ರವು ಅದನ್ನು ಬೆಳೆಸುತ್ತದೆ. ಇಲ್ಲದಿದ್ದರೆ ಗೊಂದಲವನ್ನೇ ಬೆಳೆಸುತ್ತದೆ.